ಮೇಷ್ಟ್ರು ಸುಮ್ಮನಿದ್ದ ಪಾಠ

ಸೀತಾರಾಮಪ್ಪ ಮೇಷ್ಟ್ರಿಗೆ ಬಾರದ ವಿದ್ಯೆ ಒಂದೇ ಒಂದಿತ್ತು. ಸುಮ್ಮನಿರುವುದು. ಲೆಕ್ಕ, ಭೂಗೋಳ, ವ್ಯಾಕರಣ, ಹಾರ್ಮೋನಿಯಂ ರಿಪೇರಿ, ದನಕ್ಕೆ ಹೊಟ್ಟೆಯುಬ್ಬರ ಬಂದರೆ ಏನು ಕುಡಿಸಬೇಕು ಎಂಬುದು, ಎಲ್ಲವೂ ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಎದುರಿಗಿದ್ದವರಿಗೆ ಹೇಳದೆ ಉಳಿಸಿಕೊಳ್ಳುವುದು ಮಾತ್ರ ಗೊತ್ತಿರಲಿಲ್ಲ. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಪಕ್ಕದ ಆ ಮಿಡ್ಲ್ ಸ್ಕೂಲಿನಲ್ಲಿ ಅವರು ಏಳನೇ ಕ್ಲಾಸಿಗೆ ಪಾಠ ಶುರು ಮಾಡಿದರೆ ದಾರಿಹೋಕರು ಚೀಲ ಇಳಿಸಿ ನಿಂತು ಕೇಳುತ್ತಿದ್ದರು. ಪ್ರಶ್ನೆ ಹಾಕುವವರೂ ಅವರೇ, "ಯಾರು ಹೇಳ್ತೀರಿ ನೋಡಾಣ?" ಎನ್ನುವವರೂ ಅವರೇ. ಯಾವ ಹುಡುಗನಾದರೂ ಕೈ ಎತ್ತುವಷ್ಟರಲ್ಲಿ ಉತ್ತರವನ್ನೂ ಹೇಳಿ, "ಭೇಷ್, ಎಲ್ರಿಗೂ ಬಂತಲ್ಲ!" ಎಂದು ಖುಷಿಪಡುವವರೂ ಅವರೇ.

ಎಪ್ಪತ್ತೊಂಬತ್ತನೇ ಇಸವಿ. ಶ್ರಾವಣ ಮುಗಿದು ಮಳೆ ಹಗುರಾಗುತ್ತಿದ್ದ ಹೊತ್ತಿನಲ್ಲಿ ಹಕ್ಕಲು ಕೇರಿಯ ಗಿರಿಯಪ್ಪ ಶಾಲೆಯ ಜಗುಲಿ ಹತ್ತಿ ಬಂದು, ಮಳೆಗೆ ಹೊದ್ದಿದ್ದ ಕಂಬಳಿಕೊಪ್ಪೆಯನ್ನು ಕಂಬಕ್ಕೆ ಸಿಕ್ಕಿಸಿ ಮಾತಿಗೆ ನಿಂತ. ಅವನ ಮಗಳು ಕನ್ನಮ್ಮ ಏಳನೇ ಕ್ಲಾಸಿನಲ್ಲಿದ್ದಳು.

"ಮೇಷ್ಟ್ರೇ, ದಸರಾ ರಜಕ್ಕೆ ಮನೆಗೆ ಬಂದೋಳನ್ನ ಮತ್ತೆ ಕಳ್ಸಲ್ಲ. ಭೂಮಿ ಹುಣ್ಣಿಮೆ ಆತು ಅಂದ್ರೆ ಕೊಯ್ಲು ಬಂತು. ಗೇಣಿ ಗದ್ದೆ ಈಗ ನಮ್ದೇ ಆಗ್ಯದೆ. ಕೆಲ್ಸಕ್ಕೆ ಕೈ ಬೇಕಲ್ಲ."

"ಓದೋ ಹುಡುಗಿ ಮಾರಾಯ! ಬಿಡಿಸ್ತೀಯಲ್ಲ, ಬರೋ ವರ್ಷ ಹೈಸ್ಕೂಲು..."

"ಎಂತ ಓದೋದು? ಮನೇಲಿ ಅವಳ ಬಾಯಿಗೆ ನಮ್ಮವ್ವ ದುಗ್ಗಮ್ಮನೇ ಹೆದರ್ತಾಳೆ. ಶಾಲೇಲಿ ಒಂದು ದಿನ ಬಾಯಿ ಬಿಟ್ಟಾಳಾ? ನೀವೇ ಸತ್ಯ ಹೇಳಿ. ಹೈಸ್ಕೂಲು ಅಂದ್ರೆ ಹೊಸನಗರಕ್ಕೆ ಹೋಗ್ಬೇಕು. ಬಸ್ಸಲ್ಲಿ ಟಿಕೇಟು ಕೇಳಕ್ಕಾದ್ರೂ ಬಾಯಿ ಬೇಕಲ್ದಾ? ನಾಲ್ಕು ಜನರೆದ್ರು ಮಾತಾಡಕ್ಕೆ ಬರದ ಹುಡುಗೀನ ನಾನು ಯಾವ ಧೈರ್ಯದ ಮೇಲೆ ಹತ್ತಿಸ್ಲಿ?"

ಉತ್ತರ ಹೊಳೆಯದಿದ್ದಾಗ ಮೇಷ್ಟ್ರು ಸಾಮಾನ್ಯವಾಗಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಮಾತು ಕೊಟ್ಟುಬಿಟ್ಟರು.

"ದಸರಾ ರಜದೊಳಗೆ ಅವಳು ನಾಲ್ಕು ಜನರೆದ್ರು ನಿಂತು ಮಾತಾಡ್ತಾಳೆ. ನಿನ್ನ ಕಿವೀಲೇ ಕೇಳು. ಮಾತಾಡಿದ್ರೆ ಹೈಸ್ಕೂಲಿಗೆ ಕಳಿಸ್ಬೇಕು. ಇಲ್ದಿದ್ರೆ ನಾನು ಮತ್ತೆ ಆ ವಿಷಯ ಎತ್ತಲ್ಲ."

"ಮಾತು ಅಂದ್ರೆ ಮಾತಾ?"

"ಮಾತು ಅಂದ್ರೆ ಮಾತು."

ಗಿರಿಯಪ್ಪ ಕೊಪ್ಪೆ ಹೊದ್ದು ಇಳಿದುಹೋದ. ಮೇಷ್ಟ್ರು ಕೂಡಲೇ ಕನ್ನಮ್ಮನನ್ನು ಕರೆದರು. ಎರಡು ಜಡೆ, ಮೊಣಕೈ ಮೇಲೆ ಗೀರು ಗಾಯ, ನೆಲಕ್ಕೆ ನೆಟ್ಟ ಕಣ್ಣು. "ಯಾಕೆ ಮಗಾ ಮಾತಾಡಲ್ಲ? ಹೆದ್ರಿಕೆನಾ? ಹೆದ್ರಿಕೆನೇ ಇರ್ಬೇಕು. ನನ್ನ ಕಂಡ್ರೆ ಎಂತಕ್ಕೆ ಹೆದ್ರಿಕೆ? ನಾನೇನು ಹುಲಿನಾ? ಅಲ್ಲ. ಹಾಗಾದ್ರೆ ನಾಳೆಯಿಂದ ಮಾತಾಡ್ತೀಯ ಅಲ್ವಾ? ಮಾತಾಡ್ತೀಯ. ಜಾಣೆ, ಹೋಗು." ಕನ್ನಮ್ಮ ಬಂದ ಹಾಗೆಯೇ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ವಿಶಾಲಮ್ಮನ ಮುಂದೆ ಇದನ್ನೆಲ್ಲ ಹೇಳಿಕೊಂಡರು. ಆಕೆ ಸಾರು ಬಡಿಸುತ್ತಾ ಕೇಳಿಸಿಕೊಂಡು, "ಪಾಪ, ಅದಕ್ಕೆ ಮಾತಾಡಕ್ಕೆ ಜಾಗ ಎಲ್ಲಿಟ್ಟಿದೀರಿ?" ಎಂದಳು.

"ಹಾಗಂದ್ರೆ?"

"ಹಾಗಂದ್ರೆ ಹಾಗೇ. ಮದ್ವೆ ಆದ ಹೊಸತರಲ್ಲಿ ನಂಗೂ ಮಾತು ಬರಲ್ಲ ಅಂತ ನಿಮ್ಮನೆಯೋರೆಲ್ಲ ತಿಳ್ಕೊಂಡಿದ್ರು."

ಮೇಷ್ಟ್ರು ಅನ್ನ ಕಲಸುವುದನ್ನು ನಿಲ್ಲಿಸಿದರು. ಆ ಬೇಸಿಗೆಯಲ್ಲಿ ಸಾಗರದಲ್ಲಿ ನಡೆದ ಶಿಕ್ಷಕರ ತರಬೇತಿ ನೆನಪಿಗೆ ಬಂತು. ದಪ್ಪ ಕನ್ನಡಕದ, ಮೀಸೆ ಸರಿಯಾಗಿ ಬಲಿಯದ ಒಬ್ಬ ಉಪನ್ಯಾಸಕ ಬಂದು, "ಪಾಠ ಹೇಳಬೇಡಿ, ಸಮಸ್ಯೆ ಕೊಡಿ. ಪುಸ್ತಕದ್ದಲ್ಲ, ಅವರ ಊರಿನದೇ, ನಿಜವಾದ ಸಮಸ್ಯೆ. ಉತ್ತರ ಅವರೇ ಹುಡುಕಲಿ. ನೀವು ಬಾಯಿ ಮುಚ್ಚಿ ಕೂತಿರಿ" ಎಂದಿದ್ದ. ಹಿಂದಿನ ಬೆಂಚಿನಿಂದ ಎದ್ದು, "ಬಾಯಿ ಮುಚ್ಚಿ ಕೂರಕ್ಕೆ ಸರ್ಕಾರ ಸಂಬಳ ಕೊಡ್ತದಾ ಸ್ವಾಮಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದವರು ಇದೇ ಸೀತಾರಾಮಪ್ಪ. ಈಗ ಆ ಹುಡುಗನ ಮಾತನ್ನು ಒಂದು ಸಲ ನೋಡಿಬಿಡೋಣ ಎನಿಸಿತು.

ಸಮಸ್ಯೆಗೇನು ಬರವೇ? ಊರಿನಲ್ಲೇ ಒಂದು ಹಳೆಯದು ಬಿದ್ದಿತ್ತು. ಮಾವಿನಕೊಪ್ಪ, ಹೊಳೆಕೇರಿ, ಹಕ್ಕಲು ಎಂದು ಆ ಊರಿಗೆ ಮೂರು ಕೇರಿ. ಬೆಳಿಗ್ಗೆ ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ಖಾಸಗಿ ಬಸ್ಸು ಇವರ ಮೂಗಿನ ಮುಂದೆಯೇ ಹಾದುಹೋಗಿ, ಎಷ್ಟೋ ದೂರದಲ್ಲಿ ದಾರಿ ತೋರುವ ಕೈಮರದ ಹತ್ತಿರ ನಿಲ್ಲುತ್ತಿತ್ತು. ಬಸ್ಸಿಗೆ ಅದರದೇ ಹೆಸರು ಬೋರ್ಡಿನ ಮೇಲಿದ್ದರೂ ಜನರಿಗೆ ಅದು ವಾಸಪ್ಪನ ಬಸ್ಸು. ವಾಸಪ್ಪ ಅದರ ಡ್ರೈವರು. "ಮೂರು ಕೇರಿ ಸೇರಿ ಒಂದು ಜಾಗ ತೋರ್ಸಿ, ನಿಲ್ಲಿಸ್ತೀನಿ. ಮೂರು ಕಡೆ ನಿಲ್ಲಿಸು ಅಂದ್ರೆ ನಾನು ಎತ್ತಿನ ಗಾಡಿ ಹೊಡೀತಿಲ್ಲ" ಎಂದು ಅವನು ಎಂದೋ ಹೇಳಿದ್ದ. ಆವತ್ತಿನಿಂದ ಮೂರೂ ಕೇರಿಯ ಹಿರಿಯರು ಆ ಒಂದು ಜಾಗಕ್ಕಾಗಿ ಕಾದಾಡುತ್ತಲೇ ಇದ್ದರು. ಬಸ್ಸು ಕೈಮರದಲ್ಲೇ ನಿಲ್ಲುತ್ತಲೇ ಇತ್ತು.

ಮರುದಿನ ಮೇಷ್ಟ್ರು ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಬಸ್ಸು ಎಲ್ಲಿ ನಿಲ್ಲಬೇಕು?

"ನೋಡಿ ಮಕ್ಕಳೇ. ಮುಂದಿನ ವರ್ಷ ಹೈಸ್ಕೂಲಿಗೆ ಹೋಗೋರು ನೀವು. ಹಿರಿಯರ ಕೈಲಿ ಆಗಿಲ್ಲ. ನೀವೇ ಹುಡುಕ್ಬೇಕು. ನಾನು ಉತ್ತರ ಹೇಳಲ್ಲ."

ಮೇಷ್ಟ್ರು ಉತ್ತರ ಹೇಳುವುದಿಲ್ಲ ಎಂದರೆ ಕೋಳಿ ಕೂಗುವುದಿಲ್ಲ ಎಂದ ಹಾಗೆ. ಹುಡುಗರು ಕಾದರು. ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು, ಒಳಗೆ ನೋಡಿದರು, ಬೆತ್ತ ತಿರುವಿದರು.

"ಹ್ಞಾಂ, ಯಾರಾದ್ರೂ? ಸುಲಭ ಇದೆ. ಮೂರು ಕೇರಿಗೂ ನಡುವೆ ಬರೋ ಜಾಗ ಯಾವ್ದು? ಸರಾಸರಿ ಪಾಠ ಮಾಡಿದೀವಲ್ಲ? ರಸ್ತೆ ಗುಡ್ಡ ಹತ್ತೋ ಏರಿನ ನಡುವೆ ಹೊನ್ನೆ ಮರ ಇದೆಯಲ್ಲ, ಅಲ್ಲಿ... ಛೇ!"

ಹುಡುಗರು ಸಂತೋಷದಿಂದ ಹಾಳೆಯಲ್ಲಿ 'ಹೊನ್ನೆ ಮರ' ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು. ಪಾಠ ಮುಗಿದಿತ್ತು. ಕನ್ನಮ್ಮ ಮಾತ್ರ ಬರೆದುಕೊಳ್ಳಲಿಲ್ಲ. ಬಾಯಿ ತೆರೆಯಲೂ ಇಲ್ಲ.

"ಒಂದು ಗಳಿಗೇನೂ ತಡ್ಕೊಳ್ಳಕ್ಕಾಗ್ಲಿಲ್ಲ ಕಣೇ," ಎಂದು ಮೇಷ್ಟ್ರು ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತರು. "ಬಾಯಿಗೆ ಬೀಗ ಹಾಕೋ ಹಾಗಿದ್ರೆ ಹಾಕ್ಬಹುದಿತ್ತು."

ವಿಶಾಲಮ್ಮ ಒಳಗಿಂದ ಕವಳದ ತಟ್ಟೆ ತಂದು ಮುಂದಿಟ್ಟಳು. ವೀಳ್ಯದೆಲೆ, ಹೋಳಡಿಕೆ, ಸುಣ್ಣ, ಒಂದೆಳೆ ಹೊಗೆಸೊಪ್ಪು. "ಇದೇ ನೋಡಿ ಬೀಗ. ಊಟ ಆಗಿ ನೀವು ಕವಳ ಹಾಕ್ಕೊಂಡ ಮೇಲೆ ಮಾತ್ರ ನಮ್ಮನೇಲಿ ಗಡಿಯಾರ ಹೊಡ್ಕೊಳ್ಳೋದು ಕೇಳ್ತದೆ."

ಮಾತು ನಿಜವೇ ಆಗಿತ್ತು. ಬಾಯಿ ತುಂಬ ಕವಳ ಇಟ್ಟುಕೊಂಡ ಮನುಷ್ಯ ಗಲ್ಲ ಮೇಲೆತ್ತಿ 'ಹ್ಞೂಂ' ಅನ್ನಬಹುದು, 'ಊಹೂಂ' ಅನ್ನಬಹುದು. ಅದಕ್ಕಿಂತ ದೊಡ್ಡ ಮಾತಾಡಿದರೆ ಅಂಗಿ ಕೆಂಪಾಗುತ್ತದೆ.

"ಕ್ಲಾಸಲ್ಲಿ ಕವಳ ಹಾಕೋದಾ? ಒಂದನೇ ಕ್ಲಾಸಿನ ಶೇಷಮ್ಮ ಟೀಚರು ನನ್ನ ಮರ್ಯಾದೆ ತೆಗೀತಾರೆ."

"ಮರ್ಯಾದೆ ಬೇಕಾ, ಹುಡುಗಿ ಬೇಕಾ, ನೋಡ್ಕೊಳ್ಳಿ" ಎಂದು ವಿಶಾಲಮ್ಮ ಎಲೆಗೆ ಸುಣ್ಣ ಹಚ್ಚಲು ಕೂತಳು.

ಮಾರನೇ ದಿನ ಶೇಷಮ್ಮ ಟೀಚರು ಮರ್ಯಾದೆ ತೆಗೆದೇ ತೆಗೆದರು. "ಮೇಷ್ಟ್ರು ಎಂತ ಪಾಠ ಶುರು ಮಾಡಿದಾರಪ್ಪ, ಎಲೆಯಡಿಕೆ ಶಾಸ್ತ್ರನಾ?" ಮೇಷ್ಟ್ರು ಗಲ್ಲವೆತ್ತಿ 'ಹ್ಞೂಂ' ಎಂದು ಏಳನೇ ಕ್ಲಾಸಿಗೆ ನಡೆದರು. 'ಹೊನ್ನೆ ಮರ' ಎಂದು ಬರೆದುಕೊಂಡವರಿಗೆಲ್ಲ ಅದನ್ನು ಅಳಿಸುವಂತೆ ಕೈಸನ್ನೆ ಮಾಡಿ, ಹಲಗೆಯ ಮೇಲಿದ್ದ ಪ್ರಶ್ನೆಯನ್ನು ಬೆತ್ತದಿಂದ ಮುಟ್ಟಿ, ಕುರ್ಚಿಯಲ್ಲಿ ಕೂತರು.

ಮಕ್ಕಳು ಕಾದರು. ಮೇಷ್ಟ್ರು ಅಗಿದರು. ಮಕ್ಕಳು ಇನ್ನೂ ಕಾದರು. ಮೇಷ್ಟ್ರು ಇನ್ನೂ ಅಗಿದರು. ಕೊನೆಗೆ ಮಾವಿನಕೊಪ್ಪದ ಶ್ಯಾಮ ಎದ್ದ. ಕ್ಲಾಸಿಗೆ ಮೊದಲಿಗ, ಗರಿಗರಿ ಇಸ್ತ್ರಿ ಮಾಡಿದ ಚಡ್ಡಿ. "ಸಾ, ಉತ್ತರ ಹೊನ್ನೆ ಮರ ಅಲ್ವಾ ಸಾ?"

ಮೇಷ್ಟ್ರು ಹೆಗಲು ಕುಣಿಸಿದರು.

"ಅಲ್ಲ ಅಂದ್ರೆ ಮತ್ತೆಂತಕ್ಕೆ ನಿನ್ನೆ ಹೇಳಿದ್ರು?" ಎಂದ ಹೊಳೆಕೇರಿಯ ಭೂತಪ್ಪ. "ನಮ್ಮ ಕೇರಿ ಬಾಯಲ್ಲೇ ನಿಲ್ಲಿಸ್ಬೇಕು. ನಮ್ಮಲ್ಲಿ ಜನ ಹೆಚ್ಚು."

"ಜನ ಹೆಚ್ಚಿದ್ರೆ? ಹೈಸ್ಕೂಲಿಗೆ ಹೋಗೋರು ಎಷ್ಟು, ನೀನೊಬ್ಬ. ಅದೂ ಪಾಸಾದ್ರೆ!" ಎಂದ ಶ್ಯಾಮ.

"ನೋಡ್ರೋ ಇವನ್ನ!"

ಹೀಗೆ ಹೊತ್ತಿಕೊಂಡದ್ದು ಆರಲಿಲ್ಲ. ಕೂಗಾಟದಿಂದ ಕೆಲಸ ಆಗುವುದಿಲ್ಲ ಎಂದು ಅವರಿಗೇ ಗೊತ್ತಾಗಿ, ಅಳೆದುಬಿಡೋಣ ಎಂದರು. ದನ ಕಟ್ಟುವ ಹಗ್ಗಕ್ಕೆ ಗಂಟು ಹಾಕಿಕೊಂಡು ಮಳೆ ಬಿಟ್ಟ ಹೊತ್ತಿನಲ್ಲೆಲ್ಲ ರಸ್ತೆ ಅಳೆದರು. ಜಗುಲಿಯ ಸಗಣಿ ಸಾರಿಸಿದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಎದ್ದು ಬಂತು. ರಸ್ತೆ ಒಂದು ಗೆರೆ, ಹಳ್ಳ ಒಂದು ಗೆರೆ, ಕೇರಿಗೊಂದು ಉಂಡೆ. ಹಳ್ಳದಾಚೆಯ ಹಕ್ಕಲಿಗೆ ಹಗ್ಗ ಎಳೆಯಲು ಆಗಲಿಲ್ಲವಾದ್ದರಿಂದ ಈಚೆ ದಡದಲ್ಲಿ ನಿಂತು ಕಣ್ಣಂದಾಜಿಗೆ ಗುರುತು ಹಾಕಿದರು. ಸರಾಸರಿಯ ಪಾಠ ಬಿಚ್ಚಿ ಕೂಡಿದರು, ಭಾಗಿಸಿದರು, ತಪ್ಪಿದರು, ಮತ್ತೆ ಭಾಗಿಸಿದರು. ಮೇಷ್ಟ್ರು ದಿನಕ್ಕೊಂದು ಕವಳ ಹಾಕಿಕೊಂಡು ಕೂತು, ಭಾಗಾಕಾರದಲ್ಲಿ ಅವರು ತಪ್ಪಿದಾಗಲೆಲ್ಲ ಕುರ್ಚಿಯ ಕೈ ಹಿಡಿದುಕೊಂಡು ನರಳಿದರು. ಮಾತು ಹೊಟ್ಟೆಯೊಳಗೆ ಹಲಸಿನ ಹಣ್ಣು ತಿಂದ ಹಾಗೆ ಉಬ್ಬುತ್ತಿತ್ತು. ಆದರೂ ಒಂದು ಹೊಸ ಸಂಗತಿ ಅವರ ಕಣ್ಣಿಗೆ ಬಿತ್ತು. ಸುಮ್ಮನೆ ಕೂತವನಿಗೆ ಮಕ್ಕಳ ಮುಖ ಕಾಣುತ್ತದೆ. ಕನ್ನಮ್ಮ ನೆಲ ನೋಡುತ್ತಿಲ್ಲ, ನಕ್ಷೆ ನೋಡುತ್ತಿದ್ದಾಳೆ ಎಂಬುದು ಅವರಿಗೆ ಕಂಡದ್ದು ಹಾಗೆ. ಅವಳ ತುಟಿ ಅಲ್ಲಾಡುತ್ತಿತ್ತು. ಮತ್ತೆ ಮುಚ್ಚುತ್ತಿತ್ತು. ರಜ ಹತ್ತಿರ ಬರುತ್ತಿತ್ತು.

ರಜಕ್ಕೆ ಇನ್ನೇನು ಒಂದೆರಡು ದಿನ ಎನ್ನುವಾಗ ಶ್ಯಾಮ ನಕ್ಷೆಯ ಮೇಲೆ ಕಾಲೂರಿ ಸಾರಿದ. "ಆಯ್ತು. ಸರಾಸರಿ ಬಂದಿದ್ದು ಏರಿನ ನಡುವೆ, ಹೊನ್ನೆ ಮರದ ಹತ್ರಾನೇ. ಮೂರು ಕೇರಿಗೂ ನ್ಯಾಯ. ಹಕ್ಕಲಿಗಂತೂ ಎಲ್ರಿಗಿಂತ ಹತ್ರ."

ಮೇಷ್ಟ್ರ ಎದೆ ಅರಳಿತು. ತಮ್ಮ ಉತ್ತರವೇ ಬಂದಿತ್ತು! ಭೇಷ್ ಎನ್ನಬೇಕು, ಕವಳ ಉಗಿದು ಬಂದು ಒಂದು ಸಣ್ಣ ಭಾಷಣವನ್ನಾದರೂ ಮಾಡಬೇಕು ಎಂದು ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಯಾರಿಗೋ ಹತ್ರ?"

ಇಡೀ ಕ್ಲಾಸು ತಿರುಗಿ ನೋಡಿತು. ಕನ್ನಮ್ಮ ಎದ್ದು ನಿಂತಿದ್ದಳು. ಮೇಷ್ಟ್ರು ಅರ್ಧ ಎದ್ದವರು ಅಲ್ಲೇ ಉಳಿದರು.

"ಯಾರಿಗೋ ಹತ್ರ? ನಿಂಗೆ ರೆಕ್ಕೆ ಉಂಟೇನೋ, ಹಳ್ಳ ಹಾರಕ್ಕೆ? ಆಷಾಢದಾಗೆ ಆ ಹಳ್ಳಕ್ಕೆ ಸಂಕ ಇರ್ತದಾ? ಮರದ ದಿಮ್ಮಿ ಹಾಕಿದ್ದು ವರ್ಷಾ ವರ್ಷಾ ಕೊಚ್ಚಿ ಹೋಗ್ತದೆ. ನಾನು ದಿನಾ ಗುಡ್ಡ ಹತ್ತಿ, ಏರಿನ ತಲೇಗೆ ಬಂದು, ಆಮೇಲೆ ರಸ್ತೆ ಇಳ್ದು ಬರೋದು. ನಿನ್ನ ಹಗ್ಗಕ್ಕೆ ಎಂತ, ಅದಕ್ಕೆ ಕಾಲು ಉಂಟಾ ನೋಯಕ್ಕೆ? ದಡದಾಗೆ ನಿಂತು ಕಣ್ಣು ಕಿಸಿದು ನಮ್ಮ ಕೇರಿ ಅಳ್ದೋರು ನೀವು! ನನ್ನ ಒಂದು ಮಾತು ಕೇಳಿದ್ರಾ?"

"ನೀನು ಹೇಳಿದ್ಯಾ?" ಎಂದ ಶ್ಯಾಮ, ಸ್ವಲ್ಪ ಮೆತ್ತಗೆ.

"ಈಗ ಹೇಳ್ತಿದೀನಲ್ಲ! ಇನ್ನೊಂದು ಕೇಳು. ಏರಿನ ನಡುವೆ ಬಸ್ಸು ನಿಲ್ಲಿಸಿದ್ರೆ ಮತ್ತೆ ಹೊರಡ್ತದಾ? ಮೇಲೆ ಅಡಿಕೆ ಮೂಟೆ, ಒಳಗೆ ಜನ. ಹಿಂದಕ್ಕೆ ಜಾರಿ ಬಂದ್ರೆ ನಿಮ್ಮಜ್ಜಿ ತಡೆ ಕೊಡ್ತಾಳಾ?"

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಕೂತುಬಿಟ್ಟರು. ಬಸ್ಸು ಏರಿನಲ್ಲಿ ನಿಲ್ಲಲಾರದು ಎಂಬುದು ಅವರ ತಲೆಗೂ ಹೊಳೆದಿರಲಿಲ್ಲ. ತಾವು ಮೊದಲ ದಿನವೇ ಕೊಟ್ಟ ಉತ್ತರ ಕಣ್ಣೆದುರಿಗೇ ಹಿಂದಕ್ಕೆ ಜಾರಿ ಹಳ್ಳ ಸೇರಿತು. ಬಾಯಲ್ಲಿ ರಸ ತುಂಬಿ ತುಳುಕುತ್ತಿತ್ತು. ಉಗಿಯಲು ಹೊರಗೆ ಹೋದರೆ ಅವಳ ಮಾತು ಕಿವಿತಪ್ಪಿ ಹೋಗುತ್ತದೆ. ಮೇಷ್ಟ್ರು ಗಟ್ಟಿ ಮನಸ್ಸು ಮಾಡಿ ಹೊಗೆಸೊಪ್ಪಿನ ಸಮೇತ ನುಂಗಿದರು. ಬಿಕ್ಕಳಿಕೆ ಹತ್ತಿತು, ಕಣ್ಣಲ್ಲಿ ನೀರು ಧಾರೆಯಾಯಿತು.

"ಸಾ ಅಳ್ತಿದಾರೆ," ಎಂದು ಯಾರೋ ಪಿಸುಗುಟ್ಟಿದರು.

"ಹಾಗಾದ್ರೆ ನೀನೇ ಹೇಳು, ಎಲ್ಲಿ?" ಎಂದು ಭೂತಪ್ಪ ಕನ್ನಮ್ಮನನ್ನು ಕೆಣಕಿದ.

"ಏರಿನ ತಲೇಲಿ. ಬಸ್ಸು ದಿನಾ ನಿಲ್ತದಲ್ಲ ಅಲ್ಲಿ, ನೀರು ಕುಡಿಯಕ್ಕೆ."

ಅದು ಊರಿಗೆಲ್ಲ ಗೊತ್ತಿದ್ದದ್ದೇ. ಏರು ಹತ್ತಿ ಮುಗಿಸುವಷ್ಟರಲ್ಲಿ ವಾಸಪ್ಪನ ಬಸ್ಸಿನ ಮೂತಿಯಿಂದ ಹೊಗೆಯೇಳುತ್ತಿತ್ತು. ಕ್ಲೀನರು ಡಬ್ಬಿ ಹಿಡಿದು ಹಳ್ಳಕ್ಕಿಳಿದು ನೀರು ತಂದು ಹೊಯ್ಯುತ್ತಿದ್ದ. ಅಷ್ಟು ಹೊತ್ತೂ ವಾಸಪ್ಪ ತಡವಾಯಿತೆಂದು ಎಲ್ಲರನ್ನೂ ಬೈಯುತ್ತಿದ್ದ, ನೀರು ಬಿದ್ದ ಕೂಡಲೇ ಯಾರನ್ನೂ ಹತ್ತಿಸಿಕೊಳ್ಳದೆ ಹಾರಿಸಿಕೊಂಡು ಹೋಗುತ್ತಿದ್ದ.

"ಅದು ಬಸ್ ಸ್ಟಾಪಲ್ಲ, ರೇಡಿಯೇಟರ್ ಸ್ಟಾಪು" ಎಂದ ಶ್ಯಾಮ.

"ಬಸ್ಸು ನಿಂತ್ರೆ ಸ್ಟಾಪೇ. ನೀನು ಅಲ್ಲಿ ನಿಂತ್ರೆ ಮಾತ್ರ ಸ್ಟಾಪಾ?"

"ಸಂಜೆ ವಾಪಸ್ ಬರುವಾಗ?"

"ಅಲ್ಲಿ ಮಟ್ಟಸ ಇದೆ. ಮುಂದೆ ಇಳಿಜಾರು. ತಳ್ಳಿದ್ರೂ ಹೋಗ್ತದೆ."

"ನಮ್ಮ ಮಾವಿನಕೊಪ್ಪದೋರಿಗೆ ದೂರ ಆಗ್ತದಲ್ಲ?"

ಅದಕ್ಕೆ ಕನ್ನಮ್ಮ ಸ್ವಲ್ಪ ಯೋಚಿಸಿದಳು. "ಆಗ್ತದೆ" ಎಂದಳು. "ಆದ್ರೆ ನಿಮಗೆ ಗಾಡಿ ರಸ್ತೆ. ಜಾರಲ್ಲ."

ಶ್ಯಾಮ ನಕ್ಷೆ ನೋಡಿದ, ಅವಳನ್ನು ನೋಡಿದ, ಸೀಮೆಸುಣ್ಣ ಎತ್ತಿ ಅವಳ ಕೈಗೇ ಕೊಟ್ಟ. ಕನ್ನಮ್ಮ ಏರಿನ ತಲೆಯ ಮೇಲೆ ಒಂದು ಗುಂಡು ಸುತ್ತಿದಳು. ಮೇಷ್ಟ್ರು ಬಿಕ್ಕಳಿಸುತ್ತಾ ಚಪ್ಪಾಳೆ ತಟ್ಟಿದರು.

ಆದರೆ ಗಿರಿಯಪ್ಪ ಅದನ್ನು ಕೇಳಿರಲಿಲ್ಲ. "ಮಕ್ಕಳ ಎದ್ರು ಜಗಳ ಆಡಿದ್ರೆ ಮಾತಾತಾ ಮೇಷ್ಟ್ರೇ? ಅದು ಮನೇಲೂ ಆಡ್ತಾಳೆ" ಎಂದು ಅವನು ದಾರಿಯಲ್ಲಿ ಸಿಕ್ಕಾಗ ತಲೆಯಾಡಿಸಿ ಹೋದ. ತಂಗಿಯ ಮನೆಗೆಂದು ತೀರ್ಥಹಳ್ಳಿಗೆ ಹೊರಟಿದ್ದ. ನಾಳೆ ಬೆಳಿಗ್ಗೆ ಬರುವವನು. ನಾಳೆಯೇ ಶಾಲೆಗೆ ಕೊನೆಯ ದಿನ.

ಹಾಗಾಗಿ ಆ ಶನಿವಾರ ಬೆಳಿಗ್ಗೆ ಏಳನೇ ಕ್ಲಾಸು ಇಡೀ ಏರಿನ ತಲೆಯಲ್ಲಿ ನಿಂತಿತ್ತು, ಮೇಷ್ಟ್ರ ಸಮೇತ. ಕೆಳಗೆ ಗೇರು ಬದಲಿಸುವ ನರಳಾಟ ಕೇಳಿತು. ಬಸ್ಸು ಬಂದು, ಉಸ್ಸೆಂದು ಹೊಗೆ ಬಿಟ್ಟು ನಿಂತಿತು. ಕ್ಲೀನರು ಡಬ್ಬಿ ಹಿಡಿದು ಇಳಿದೋಡಿದ. ಹಿಂದಿನ ಬಾಗಿಲಿನಿಂದ ಗಿರಿಯಪ್ಪನೂ ಧುಮುಕಿದ. ಮನೆಗೆ ಹತ್ತಿರವೆಂದು ಅವನು ಯಾವಾಗಲೂ ಅಲ್ಲೇ ಧುಮುಕುವವನು.

"ಎಂತ ಮೇಷ್ಟ್ರೇ ಇದು, ಮುಷ್ಕರನಾ?" ಎಂದ ವಾಸಪ್ಪ, ಕಿಟಕಿಯಿಂದ ತಲೆ ಹೊರಹಾಕಿ. "ಮೊದ್ಲೇ ತಡ ಆಗ್ಯದೆ, ದಾರಿ ಬಿಡ್ಸಿ ಹುಡುಗ್ರನ್ನ!"

"ಮುಷ್ಕರ ಅಲ್ಲ ಮಾರಾಯ, ಅದು ಏನಪ್ಪ ಅಂದ್ರೆ..." ಎಂದು ಮೇಷ್ಟ್ರು ಶುರು ಮಾಡಿದರು. ಮಕ್ಕಳೆಲ್ಲ ಅವರತ್ತ ನೋಡಿದರು. ಕನ್ನಮ್ಮನೂ ನೋಡಿದಳು. ಮೇಷ್ಟ್ರು ಬಾಯಿಗೆ ಬಂದ ಮಾತನ್ನು ಕಚ್ಚಿ ಹಿಡಿದು, "ಅವಳು ಹೇಳ್ತಾಳೆ" ಎಂದರು.

ಕನ್ನಮ್ಮ ಮುಂದೆ ಬಂದಳು. ಕಿಟಕಿಗಳಲ್ಲೆಲ್ಲ ತಲೆಗಳು. ಅಪ್ಪ ಅಲ್ಲೇ, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಾನೆ. ಅವಳ ಕಣ್ಣು ನೆಲಕ್ಕಿಳಿಯಿತು.

"ಅವಳು ಹೇಳಲ್ಲ ಬಿಡಿ" ಎಂದ ಗಿರಿಯಪ್ಪ. ದನಿಯಲ್ಲಿ ಗೆದ್ದ ಹಮ್ಮಿರಲಿಲ್ಲ. ಮಗಳನ್ನು ಪಾರುಮಾಡುವ ಅವಸರವಿತ್ತು. "ಬಾ ಮಗಾ, ಮನೆಗೆ ಹೋಗಾಣ."

ಮೇಷ್ಟ್ರಿಗೆ ಅಷ್ಟು ಉದ್ದದ ಗಳಿಗೆ ಜೀವಮಾನದಲ್ಲೇ ಬಂದಿರಲಿಲ್ಲ. ಒಂದು ಮಾತು ಎತ್ತಿಕೊಟ್ಟರೆ ಸಾಕಿತ್ತು. ಕೊಡಲಿಲ್ಲ.

ಕೆಳಗಿನಿಂದ ಕ್ಲೀನರು ಜಾರಿಬಿದ್ದ ಸದ್ದು, ಡಬ್ಬಿ ಉರುಳಿದ ಸದ್ದು ಕೇಳಿತು. ವಾಸಪ್ಪ ಹಣೆ ಚಚ್ಚಿಕೊಂಡ. "ಹೋತು! ಇನ್ನು ಮತ್ತೆ ಮೊದಲಿಂದ!"

ಕನ್ನಮ್ಮ ತಲೆಯೆತ್ತಿದಳು.

"ನೀರು ನಾವು ತಂದಿಟ್ಟಿರ್ತೀವಿ" ಎಂದಳು.

"ಎಂತದು?"

"ನೀರು. ಹಕ್ಕಲಿಂದ ಬರ್ತಾ ಒಂದು ಕೊಡ ತುಂಬ್ಕೊಂಡು ಬಂದು ಇಲ್ಲಿಟ್ಟಿರ್ತೀವಿ. ನಿಮ್ಮ ಕ್ಲೀನರು ಹಳ್ಳಕ್ಕೆ ಇಳೀಬೇಕಾಗಿಲ್ಲ. ಅವನು ಇಳ್ದು ಹತ್ತೋ ಹೊತ್ತು ನಿಮಗೆ ಉಳೀತದೆ. ಆ ಹೊತ್ತಿನಾಗೆ ನಮ್ಮನ್ನ ಹತ್ತಿಸ್ಕೊಳ್ಳಿ. ಮೂರು ಕೇರಿಗೂ ಇದೇ ಜಾಗ ಅಂತ ನಾವು ಲೆಕ್ಕ ಹಾಕಿ ಒಪ್ಪಿದೀವಿ. ಒಂದು ಜಾಗ ತೋರ್ಸಿ ಅಂತ ನೀವೇ ಹೇಳಿದ್ದಲ್ಲ? ತೋರ್ಸಿದೀವಿ."

ಕೊಡದ ಮಾತು ಕ್ಲಾಸಿನಲ್ಲಿ ಯಾರೂ ಆಡಿರಲಿಲ್ಲ. ಶ್ಯಾಮ ಬಾಯಿ ತೆರೆದುಕೊಂಡು ನಿಂತಿದ್ದ, ಸಾವರಿಸಿಕೊಂಡು, "ಆದ್ರೆ ಚಳಿಗಾಲದಲ್ಲಿ ಬಸ್ಸು ಕುದೀದೇ ಇದ್ರೆ? ಆಗ್ಲೂ ನಿಲ್ಲಿಸ್ಬೇಕು" ಎಂದು ಸೇರಿಸಿದ.

"ನನ್ನ ಬಸ್ಸು ಯಾವ ಕಾಲದಲ್ಲೂ ಕುದೀತದೆ ಮಾರಾಯ. ಓನರಿನ ಗುಣವೇ ಅದಕ್ಕೂ ಬಂದದೆ" ಎಂದ ವಾಸಪ್ಪ. ಬಸ್ಸಿನೊಳಗೆ ನಗೆಯೆದ್ದಿತು. ಅವನು ಕೆಳಗೆ ಇಣುಕಿ ಒದ್ದೆ ಚಡ್ಡಿಯಲ್ಲಿ ಹತ್ತಿ ಬರುತ್ತಿದ್ದ ಕ್ಲೀನರನ್ನು ನೋಡಿದ, ಕನ್ನಮ್ಮನನ್ನು ನೋಡಿದ. "ಕೊಡ ಇದ್ರೆ ಸ್ಟಾಪು. ಕೊಡ ಇಲ್ದಿದ್ರೆ ರೈಟ್. ಒಪ್ಗೆನಾ?"

"ಊಹೂಂ. ಕೊಡ ಇದ್ರೂ ಸ್ಟಾಪು, ಒಡ್ದಿದ್ರೂ ಸ್ಟಾಪು. ಒಂದು ದಿನ ಒಡೆದ್ರೆ ಇಸ್ಕೂಲು ತಪ್ಪಿಸ್ಲಾ?"

"ಅಬ್ಬಬ್ಬಾ! ಆಯ್ತಮ್ಮ, ಆಯ್ತು!"

ಗಿರಿಯಪ್ಪ ಅಷ್ಟು ಹೊತ್ತೂ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸುತ್ತಾ ನಿಂತಿದ್ದ. ಮೇಷ್ಟ್ರು ಅವನತ್ತ ನೋಡಲಿಲ್ಲ. ನೋಡಿದರೆ ಮಾತು ಬಂದುಬಿಡುತ್ತದೆಂಬ ಭಯ. ಗಿರಿಯಪ್ಪ ಬಸ್ಸಿನ ಮುಂದಕ್ಕೆ ನಡೆದು, ವಾಸಪ್ಪನ ಕಿಟಕಿಯ ಕಂಬಿ ಹಿಡಿದುಕೊಂಡ.

"ವಾಸಪ್ಪಾ, ಬರೋ ಜೂನಿಂದ ನಿನ್ನ ಬೆನ್ನ ಹಿಂದಿನ ಸೀಟು ನನ್ನ ಮಗಳಿಗೆ ಇಟ್ಟಿರು. ಹೈಸ್ಕೂಲಿಗೆ ಬರ್ತಾಳೆ."

"ಬೇಡ ಮಾರಾಯ, ಹೊಸನಗರ ಮುಟ್ಟೋದ್ರೊಳಗೆ ಸ್ಟೇರಿಂಗೂ ಅವಳೇ ಹಿಡೀತಾಳೆ. ಹಿಂದಿನ ಬಾಗಿಲ ಹತ್ರ ಕೊಡ್ತೀನಿ."

"ಎಲ್ಲಿ ಕೊಟ್ರೂ ಒಂದೇ" ಎಂದ ಗಿರಿಯಪ್ಪ. "ಅವಳ ಮಾತು ನಿಂಗೆ ಕೇಳ್ತದೆ."